ಸೀಸದ ಮುದ್ರೆ ಬಿದ್ದ ಮೀನು

ತೂಕ ಮತ್ತು ಅಳತೆಯ ಕಚೇರಿಯಲ್ಲಿ ಯಾರೂ ಯಾರ ಮಾತನ್ನೂ ನಂಬುವುದಿಲ್ಲ. ಅದು ಅಲ್ಲಿಯವರ ಕೆಟ್ಟ ಗುಣವಲ್ಲ, ಅವರ ಉದ್ಯೋಗ. ಅಂಗಡಿಯವನು ಒಂದು ಕಿಲೋ ಎಂದರೆ ಅವನ ತೂಕದ ಬಟ್ಟನ್ನು ತಕ್ಕಡಿಗೆ ಹಾಕಿ ನೋಡಬೇಕು. ಎಣ್ಣೆಯವನು ಒಂದು ಲೀಟರು ಎಂದರೆ ಅಳತೆಯ ಜಾಡಿಗೆ ಸುರಿದು ನೋಡಬೇಕು. ಸರಿಯಿದ್ದರೆ ಸೀಸದ ಮೇಲೆ ಮುದ್ರೆ ಒತ್ತಬೇಕು, ಇಲ್ಲದಿದ್ದರೆ ಮಾಲು ಜಪ್ತಿ ಮಾಡಬೇಕು. ಇಂಥ ಕಡೆ ಕೂದಲು ನೆರೆಯುವಷ್ಟು ಕಾಲ ಗುಮಾಸ್ತನಾಗಿದ್ದುಕೊಂಡೂ ಬರೀ ಬಾಯಿಮಾತಿನಿಂದ ದೊಡ್ಡ ಮನುಷ್ಯನಾಗಬಹುದು ಎಂದು ನಂಬಿದ್ದವನು ಒಬ್ಬನೇ. ಅವನನ್ನು ಎಲ್ಲರೂ ವಿಜ್ಞಾನಿ ಎಂದು ಕರೆಯುತ್ತಿದ್ದರು.

ಅವನು ಕಾಲೇಜಿನಲ್ಲಿ ಜೀವಶಾಸ್ತ್ರ ಓದಿದ್ದ. ಓದಿದ್ದ, ಅಷ್ಟೇ. ಪಾಸಾಗಿದ್ದೆ ಎಂದು ಅವನೂ ಹೇಳುತ್ತಿರಲಿಲ್ಲ, ಬೇರೆಯವರೂ ಮರ್ಯಾದೆಗೆ ಕೇಳುತ್ತಿರಲಿಲ್ಲ. ಟೈಪಿಸ್ಟ್ ಮೇಡಂ ಜಿರಲೆ ಕಂಡು ಕುರ್ಚಿ ಹತ್ತಿದರೆ ಇವನು ಓಡಿಬಂದು ಜಿರಲೆಯ ವಂಶಾವಳಿ ಹೇಳುತ್ತಿದ್ದ, ಜಿರಲೆಯನ್ನು ಮಾತ್ರ ಓಡಿಸುತ್ತಿರಲಿಲ್ಲ. ಹೆಡ್ ಕ್ಲರ್ಕು ಬಾಳೆಹಣ್ಣು ಸುಲಿದರೆ, "ಸಾರ್, ಈಗ ತಾವು ಪ್ರಾಥಮಿಕ ಭಕ್ಷಕರು" ಎನ್ನುತ್ತಿದ್ದ. ಹೆಡ್ ಕ್ಲರ್ಕಿಗೆ ಆ ಹಣ್ಣು ರುಚಿಸುತ್ತಿರಲಿಲ್ಲ.

ಕಚೇರಿಯ ಹಿಂಬದಿಯ ಕೋಣೆಯಲ್ಲಿ ಅವನ ಅಕ್ಕ ಕ್ಯಾಂಟೀನು ನಡೆಸುತ್ತಿದ್ದಳು. ಎರಡು ಬೆಂಚು, ಒಂದು ಒಲೆ, ಬೆಳಗಿನಿಂದ ಸಂಜೆಯವರೆಗೆ ಕುದಿಯುವ ಟೀ ಪಾತ್ರೆ. ಅವಳ ಗಂಡ ಇದೇ ಕಚೇರಿಯಲ್ಲಿ ಮುದ್ರೆ ಒತ್ತುವ ಕೆಲಸದಲ್ಲಿದ್ದ. ಅವನು ತೀರಿಕೊಂಡಾಗ ಹಿಂದಿನ ಸಾಹೇಬರೊಬ್ಬರು ಆ ಕೋಣೆಯನ್ನು ಅವಳಿಗೆ ಬಿಟ್ಟುಕೊಟ್ಟರು. ಅಂದಿನಿಂದ ಅವಳು ಯಾರ ಮುಂದೆಯೂ ಕೈಯೊಡ್ಡಿದವಳಲ್ಲ. ತಮ್ಮನನ್ನು ಓದಿಸಿದವಳೂ ಅವಳೇ, ಅವನು ಫೇಲಾದದ್ದನ್ನು ಊರಿಗೆ ತಿಳಿಯದಂತೆ ಮುಚ್ಚಿಟ್ಟವಳೂ ಅವಳೇ. ಆ ಒಲೆಯೊಂದು ಇರುವವರೆಗೆ ತನ್ನ ತಲೆ ನೆಟ್ಟಗಿರುತ್ತದೆ ಎಂದು ಅವಳು ತಿಳಿದಿದ್ದಳು. ಅದು ತಪ್ಪು ತಿಳಿವಳಿಕೆಯೇನೂ ಅಲ್ಲ.

ಇನ್ನು ಜಾಡಿಯ ವಿಷಯ. ಎಣ್ಣೆ ಅಳೆಯುವ ಎತ್ತರದ ಗಾಜಿನ ಜಾಡಿಯೊಂದು ಅಂಚು ಮುಕ್ಕಾಗಿ ಉಗ್ರಾಣ ಸೇರಿತ್ತು. ವಿಜ್ಞಾನಿ ಅದನ್ನು ತಂದು, ತಳಕ್ಕೆ ಕೆರೆಯ ಕೆಸರು ಹಾಕಿ, ನೀರು ತುಂಬಿ, ಪಾಚಿಗಿಡ ನೆಟ್ಟು, ಎರಡು ಬಸವನಹುಳು ಮತ್ತು ಒಂದು ಕೆಂಪು ಮೀನು ಬಿಟ್ಟು, ಮೇಲೊಂದು ಗಾಜಿನ ಬಿಲ್ಲೆ ಮುಚ್ಚಿ ಕಿಟಕಿಯ ಬಳಿ ಇಟ್ಟಿದ್ದ. ಮೊದಲ ಕೆಲವು ದಿನ ಮೀನಿಗೆ ತಿನ್ನಲು ಹಾಕಿದ. ಆಮೇಲೆ ಮರೆತ. ಮೀನು ಮಾತ್ರ ಗುಂಡಗಾಗುತ್ತಾ ಹೋಯಿತು. ಯಾಕೆ ಎಂದು ಅವನು ಯೋಚಿಸಲಿಲ್ಲ, ಏಕೆಂದರೆ ತಾನು ಮರೆತಿದ್ದೇನೆ ಎನ್ನುವುದನ್ನೂ ಮರೆತಿದ್ದ.

ಹೊಸ ಸಾಹೇಬರು ವರ್ಗವಾಗಿ ಬಂದ ದಿನ ಆಕಾಶಕ್ಕೆ ಮಂಕು ಕವಿದಿತ್ತು. ಸಾಹೇಬರ ಮುಖಕ್ಕೂ ಅಷ್ಟೇ. ಅವರು ಮೇಜು ಮೇಜು ದಾಟಿಕೊಂಡು ಕಿಟಕಿಯ ಬಳಿ ಬಂದು ನಿಂತರು.

"ಇದೇನ್ರೀ ಇದು?"

"ಮೀನು ಸಾರ್," ಎಂದರು ಹೆಡ್ ಕ್ಲರ್ಕು.

"ಮೀನು ಅಂತ ನನಗೂ ಕಾಣ್ತಿದೆ. ಕಚೇರೀಲಿ ಯಾಕಿದೆ? ಇದಕ್ಕೆ ತಿನ್ನೋಕೆ ಹಾಕೋರು ಯಾರು? ಹಾಕ್ತಾ ಕೂತ್ರೆ ಕೆಲಸ ಮಾಡೋರು ಯಾರು?"

'ಮರೆತಿದ್ದೆ ಸಾರ್, ಮನೆಗೆ ಒಯ್ಯುತ್ತೇನೆ' ಎಂದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು, ಒಂದು ಮೀನೂ ಉಳಿಯುತ್ತಿತ್ತು. ಆದರೆ ವಿಜ್ಞಾನಿ ಗಂಟಲು ಸರಿಮಾಡಿಕೊಂಡ.

"ಯಾರೂ ಹಾಕಲ್ಲ ಸಾರ್. ಹಾಕೋ ಅಗತ್ಯಾನೇ ಇಲ್ಲ. ಇದು ಸ್ವಯಂಪೂರ್ಣ ಪರಿಸರ ವ್ಯವಸ್ಥೆ."

"ಅಂದ್ರೆ?"

"ಅಂದ್ರೆ ಸಾರ್, ಈ ಗಿಡ ಉತ್ಪಾದಕ. ಬೆಳಕು ಹಿಡ್ಕೊಂಡು ತನ್ನ ಆಹಾರ ತಾನೇ ಮಾಡ್ಕೊಳ್ಳುತ್ತೆ. ಮೀನಿಗೆ ಉಸಿರನ್ನೂ ಅದೇ ಕೊಡುತ್ತೆ. ಬಸವನಹುಳು ಗಿಡ ತಿನ್ನುತ್ತೆ, ಅದು ಪ್ರಾಥಮಿಕ ಭಕ್ಷಕ. ಅದರ ಮೊಟ್ಟೆ ಮೀನು ತಿನ್ನುತ್ತೆ. ಮೀನು ಮಾಡಿದ ಹೊಲಸನ್ನ ಕೆಸರಲ್ಲಿರೋ ವಿಘಟಕಗಳು, ಕಣ್ಣಿಗೆ ಕಾಣದ ಜೀವಿಗಳು ಸಾರ್, ಕೊಳೆಸಿ ಗೊಬ್ಬರ ಮಾಡ್ತವೆ. ಆ ಗೊಬ್ಬರ ಮತ್ತೆ ಗಿಡಕ್ಕೆ. ಹೊರಗಿಂದ ಒಳಕ್ಕೆ ಏನೂ ಹೋಗಲ್ಲ, ಒಳಗಿಂದ ಹೊರಕ್ಕೆ ಏನೂ ಬರಲ್ಲ."

ಸಾಹೇಬರು ಬಹಳ ಹೊತ್ತು ಮೀನನ್ನೇ ನೋಡಿದರು. ಆಮೇಲೆ, ಆ ಕಚೇರಿಯಲ್ಲಿ ಮಾತ್ರ ಹುಟ್ಟಬಹುದಾದ ಪ್ರಶ್ನೆಯೊಂದನ್ನು ಕೇಳಿದರು.

"ತೂಗಿ ನೋಡಿದೀರಾ?"

ತೂಗಿರಲಿಲ್ಲ. ತಕ್ಷಣ ಜಾಡಿಯನ್ನು ಗಾಜಿನ ಕೋಣೆಗೆ ಒಯ್ದರು. ಅಲ್ಲಿ ಕಚೇರಿಯ ಅತಿ ನಾಜೂಕಿನ ತಕ್ಕಡಿಯಿದೆ. ಅದರ ಮುಂದೆ ಜೋರಾಗಿ ಉಸಿರು ಬಿಟ್ಟರೂ ಮುಳ್ಳು ಮುನಿಸಿಕೊಳ್ಳುತ್ತದೆ. ಎಲ್ಲರೂ ಉಸಿರು ಕಟ್ಟಿ ನಿಂತು ಮೀನು ಸಮೇತ ಜಾಡಿಯನ್ನು ತೂಗಿದರು. ಮುಂದಿನ ಸೋಮವಾರ ಮತ್ತೆ ತೂಗಬೇಕು, ಹೊರಗಿನಿಂದ ಏನೂ ಹೋಗದಿದ್ದರೆ ತೂಕ ಅಷ್ಟೇ ಇರಬೇಕು ಎಂದು ಸಾಹೇಬರು ಅಪ್ಪಣೆ ಮಾಡಿದರು.

ಸೋಮವಾರ ತೂಗಿದಾಗ ತೂಕ ಅಷ್ಟೇ ಇರಲಿಲ್ಲ. ಜಾಸ್ತಿಯಾಗಿತ್ತು.

"ಏನ್ರೀ ಇದು?" ಎಂದರು ಸಾಹೇಬರು.

ವಿಜ್ಞಾನಿಗೂ ಅದೇ ಪ್ರಶ್ನೆ. ಆದರೆ ಗೊತ್ತಿಲ್ಲ ಎನ್ನುವ ಮಾತು ಅವನ ನಾಲಿಗೆಯ ಮೇಲೆ ಎಂದೂ ಹೊರಳಿದ್ದಲ್ಲ.

"ಬೆಳಕು ಸಾರ್," ಎಂದ. "ಗಿಡ ಹಗಲೆಲ್ಲಾ ಬೆಳಕು ಕುಡೀತು. ಅದೇ ತೂಕ."

"ಬೆಳಕಿಗೆ ತೂಕ ಇದೆಯಾ?"

"ಇಲ್ಲಿ ಬಂದಿದೆಯಲ್ಲ ಸಾರ್."

ಇಲ್ಲೊಂದು ಗುಟ್ಟನ್ನು ಹೇಳಿಬಿಡುವುದು ಒಳ್ಳೆಯದು. ಆ ಮೀನಿಗೆ ಯಾರೂ ಏನೂ ಹಾಕುವುದಿಲ್ಲ ಎಂದು ನಂಬಿದ್ದು ಇಡೀ ಕಚೇರಿಯಲ್ಲಿ ಸಾಹೇಬರೂ ವಿಜ್ಞಾನಿಯೂ ಮಾತ್ರ. ಹೆಡ್ ಕ್ಲರ್ಕು ಕಲ್ಲೆದೆಯ ಮನುಷ್ಯ, ಹೆಂಡತಿಗೆ ಜ್ವರ ಬಂದಾಗ ಅವಳಿಂದಲೂ ರಜೆ ಅರ್ಜಿ ಕೇಳಿದವರು ಎಂಬ ಮಾತಿತ್ತು. ಆದರೆ ಆ ಮೀನು ಬಾಯಿ ತೆರೆದು ಮುಚ್ಚಿ ಮಾಡುತ್ತಾ ನೋಡುತ್ತಿದ್ದರೆ ಅವರಿಗೆ ಬಿಸ್ಕತ್ತು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಅತ್ತಿತ್ತ ನೋಡಿ, ಬಿಲ್ಲೆ ಸರಿಸಿ, ಒಂದು ಚೂರು ಮುರಿದು ಒಳಗೆ ಹಾಕುತ್ತಿದ್ದರು. ಟೈಪಿಸ್ಟ್ ಮೇಡಂ ತಮ್ಮ ಡಬ್ಬಿಯಿಂದ ಬ್ರೆಡ್ಡಿನ ಅಂಚು ಕಿತ್ತು ಹಾಕುತ್ತಿದ್ದರು. ಜವಾನ ನೀರು ಇಳಿದಾಗಲೆಲ್ಲ ಹೂಜಿಯಿಂದ ತುಂಬಿ, ತೂಕ ಕಮ್ಮಿಯೆಂದು ಜಪ್ತಿಯಾದ ಹಿಟ್ಟಿನ ಪೊಟ್ಟಣದಿಂದ ಒಂದು ಚಿಟಿಕೆ ಉದುರಿಸುತ್ತಿದ್ದ. ತಾನೊಬ್ಬನೇ ಹಾಕುತ್ತಿದ್ದೇನೆ ಎಂದು ಪ್ರತಿಯೊಬ್ಬರೂ ತಿಳಿದಿದ್ದರು. ಒಬ್ಬರ ಕರುಣೆ ಇನ್ನೊಬ್ಬರಿಗೆ ಗೊತ್ತಾದರೆ ಕಚೇರಿಯಲ್ಲಿ ಮಾನ ಉಳಿಯುತ್ತದೆಯೇ?

ವಾರದಿಂದ ವಾರಕ್ಕೆ ಜಾಡಿ ಭಾರವಾಯಿತು. ಸಾಹೇಬರಿಗೆ ನಿದ್ದೆ ಹಾರಿಹೋಯಿತು. ಖರ್ಚಿಲ್ಲದೆ ನಡೆಯುವುದಷ್ಟೇ ಅಲ್ಲ, ಮೇಲೆ ಮಿಗಿಸಿಯೂ ಕೊಡುವ ವ್ಯವಸ್ಥೆ! ಅವರು ಮೇಲಿನ ಕಚೇರಿಗೆ ಫೋನು ಮಾಡಿದರು. ಎಲ್ಲ ಶಾಖೆಗಳ ಮೇಲಿರುವ ದೊಡ್ಡ ಸಾಹೇಬರು ತಾವೇ ಬಂದು ನೋಡುವುದಾಗಿ ಹೇಳಿದರು. ಫೋನಿಟ್ಟ ಮೇಲೆ ಸಾಹೇಬರ ತಲೆಯಲ್ಲಿ ಇನ್ನೊಂದು ಯೋಚನೆ ಹುಟ್ಟಿತು. ಒಂದು ಜಾಡಿ ಹೀಗೆ ನಡೆಯುವುದಾದರೆ ಒಂದು ಕಚೇರಿ ಯಾಕೆ ನಡೆಯಬಾರದು?

ಎಲ್ಲರನ್ನೂ ಸೇರಿಸಿ ಸಭೆ ಮಾಡಿದರು.

"ಇವತ್ತಿನಿಂದ ನಮ್ಮದು ಸ್ವಯಂಪೂರ್ಣ ಕಚೇರಿ. ಮುದ್ರೆ ಒತ್ತೋರು ಉತ್ಪಾದಕರು. ಗುಮಾಸ್ತರು ಭಕ್ಷಕರು. ಹಳೇ ಕಾಗದ ನೋಡ್ಕೊಳ್ಳೋರು, ಗುಡಿಸೋರು, ವಿಘಟಕರು. ಏನ್ರೀ ವಿಜ್ಞಾನಿ, ಸರಿ ತಾನೆ?"

"ನೂರಕ್ಕೆ ನೂರು ಸಾರ್!"

ಹೆಡ್ ಕ್ಲರ್ಕು ಎದ್ದು ನಿಂತರು. ಅವರ ಮುಖ ಗಂಟಿಕ್ಕಿತ್ತು. "ಸಾರ್, ಭಕ್ಷಕರಲ್ಲಿ ನಾನು ಎಷ್ಟನೇ ದರ್ಜೆ? ಸೀನಿಯಾರಿಟಿ ಪ್ರಕಾರ ನಾನು ಇವರೆಲ್ಲರಿಗಿಂತ ಮೇಲಿರಬೇಕು."

"ಮೇಲಿನ ಭಕ್ಷಕ ಕೆಳಗಿನವರನ್ನ ತಿನ್ನುತ್ತಾನೆ ಸಾರ್," ಎಂದು ವಿಜ್ಞಾನಿ ವಿವರಿಸಿದ.

"ಅದು ಈಗಲೂ ನಡೀತಿದೆ," ಎಂದರು ಟೈಪಿಸ್ಟ್ ಮೇಡಂ, ತಲೆ ಎತ್ತದೆ.

ಜವಾನ ಮೂಲೆಯಿಂದ ಕೇಳಿದ, "ಹಾಗಾದ್ರೆ ನಾನು ಬಸವನಹುಳುನಾ ಸಾರ್?"

"ನೀನು ಕೆಸರು," ಎಂದರು ಸಾಹೇಬರು. "ಕೂತ್ಕೋ."

ಜವಾನ ಕೂತ. ವಿಜ್ಞಾನಿಗೆ ಅಂದು ಸಿಕ್ಕಿದಂಥ ಗಮನ ಜನ್ಮದಲ್ಲೇ ಸಿಕ್ಕಿರಲಿಲ್ಲ. ತರಗತಿಯಲ್ಲಿ ಯಾರೂ ಕೇಳದಿದ್ದ ಉತ್ತರಗಳೆಲ್ಲ ಈಗ ಒಟ್ಟಿಗೆ ನುಗ್ಗಿ ಬರುತ್ತಿದ್ದವು. "ಬೇರೆಯವರು ತಿಂದು ಉಳಿಸಿದ್ದನ್ನ ತಿಂದು ಬದುಕೋ ಜೀವಿಗಳಿಗೂ ಒಂದು ಹೆಸರಿದೆ ಸಾರ್, ಹೇಳ್ಲಾ?" ಎಂದ. ಸಾಹೇಬರು ಬೇಡವೆಂದು ಕೈ ತೋರಿಸಿದರು. ಅವರಿಗೆ ಬೇರೆಯದೇ ಹೆಸರು ಬೇಕಾಗಿತ್ತು.

"ಇನ್ನೊಂದು ಜಾತಿ ಇದೆಯಲ್ಲ? ಇನ್ನೊಬ್ಬರ ಮೈಗೆ ಅಂಟ್ಕೊಂಡು, ಅವರಿಂದಲೇ ಹೊಟ್ಟೆ ಹೊರೆಯೋದು?"

"ಪರಾವಲಂಬಿ ಸಾರ್!" ಅವನು ಬೆರಳೆತ್ತಿ ನಿಂತೇಬಿಟ್ಟ. "ಲಾಡಿಹುಳು, ಹೇನು, ಉಣ್ಣೆ, ಜಿಗಣೆ, ಮರದ ಮೇಲಿನ ಬದನಿಕೆ..."

"ಅದನ್ನ ಕಿತ್ತುಹಾಕಿದ್ರೆ?"

"ಕಿತ್ತುಹಾಕಿದ್ರೆ ಜಾಗ ಕೊಟ್ಟ ಜೀವಿ ಚೇತರಿಸ್ಕೊಂಡು ದಷ್ಟಪುಷ್ಟವಾಗುತ್ತೆ ಸಾರ್!"

"ಕೇಳಿದ್ರಲ್ಲಾ," ಎಂದರು ಸಾಹೇಬರು ಎಲ್ಲರತ್ತ ತಿರುಗಿ. "ನಮ್ಮ ಹಿಂದಿನ ಕೋಣೇಲಿ ಒಂದು ಕ್ಯಾಂಟೀನಿದೆ. ಹೊರಗಿಂದ ತಿನ್ನೋದು ತರುತ್ತೆ, ಎಲ್ಲರನ್ನೂ ಕುರ್ಚಿಯಿಂದ ಎಬ್ಬಿಸುತ್ತೆ. ದೊಡ್ಡ ಸಾಹೇಬರು ಬಂದು ಜಾಡಿ ನೋಡಿ ಒಪ್ಪಿದ ದಿನವೇ ಅದನ್ನ ಮುಚ್ಚೋಣ. ಇದು ನನ್ನ ಮಾತಲ್ಲ, ವಿಜ್ಞಾನ."

ಬಾಗಿಲಲ್ಲಿ ಟೀ ಲೋಟಗಳ ತಟ್ಟೆ ಹಿಡಿದು ಅಕ್ಕ ನಿಂತಿದ್ದಳು. ವಿಜ್ಞಾನಿಯ ಬೆರಳು ಇನ್ನೂ ಮೇಲೆಯೇ ಇತ್ತು. ಅವಳು ಒಳಗೆ ಬಂದು ಎಲ್ಲರಿಗೂ ಲೋಟ ಕೊಟ್ಟಳು, ಅವನಿಗೂ ಕೊಟ್ಟಳು. ಅವನದರಲ್ಲಿ ಎಂದಿನಂತೆ ಒಂದು ಚಮಚ ಸಕ್ಕರೆ ಹೆಚ್ಚಿಗೆ ಇತ್ತು.

ಸಭೆ ಮುಗಿದ ಮೇಲೆ ಅವನು ಒಲೆಯ ಹತ್ತಿರ ಹೋಗಿ ನಿಂತ.

"ಆ ಮಾತು ಇನ್ನೊಂದ್ಸಲ ಹೇಳು," ಎಂದಳು ಅಕ್ಕ, ಪಾತ್ರೆ ಉಜ್ಜುತ್ತಾ.

"ಅದು ಲಾಡಿಹುಳಕ್ಕೆ ಹೇಳಿದ್ದು ಕಣಕ್ಕಾ."

"ನೀನು ಹೇಳಿದ್ದು ಲಾಡಿಹುಳಕ್ಕೇ ಇರಬಹುದು. ಸಾಹೇಬ್ರು ನೋಡಿದ್ದು ನನ್ನನ್ನ."

"ನಾನು ಅವರತ್ರ ಮಾತಾಡ್ತೀನಿ. ನನ್ನ ಮಾತು ಅಂದ್ರೆ ಅವರಿಗೆ..."

"ಬೇಡಪ್ಪ," ಎಂದಳು ಅಕ್ಕ. "ನೀನು ಮಾತಾಡಿದ್ದೇ ಸಾಕಾಗಿದೆ."

ಆದರೂ ಅವನು ಹೋದ. ಸಾಹೇಬರ ಕೋಣೆಯಲ್ಲಿ ನಿಂತು, ಪರಾವಲಂಬಿಗಳಲ್ಲೂ ಒಳ್ಳೆಯವಿರುತ್ತವೆ, ಒಬ್ಬರಿಗೊಬ್ಬರು ಉಪಕಾರ ಮಾಡಿಕೊಂಡಿರುವುದಕ್ಕೆ ಸಹಜೀವನ ಅಂತಾರೆ, ಕ್ಯಾಂಟೀನು ಆ ಪಂಗಡಕ್ಕೆ ಸೇರಬಹುದು ಎಂದು ತೊದಲಿದ. ಸಾಹೇಬರು ಅನುಮಾನದಿಂದ ನೋಡಿದರು.

"ಅವಳು ನಿಮ್ಮ ಅಕ್ಕ ಅಲ್ವೇನ್ರೀ? ವಿಜ್ಞಾನದಲ್ಲಿ ಸಂಬಂಧ ತರಬೇಡಿ. ದೊಡ್ಡ ಸಾಹೇಬ್ರೂ ಹೀಗೇ ಅನುಮಾನ ಪಡ್ತಾರೆ, ಯಾರೋ ಒಳಗೆ ಏನೋ ಹಾಕಿರಬಹುದು ಅಂತ. ಅದಕ್ಕೆ ಅವಕಾಶ ಇರಬಾರದು. ಜಾಡಿಗೆ ಮುದ್ರೆ ಹಾಕಿಸಿ."

ಹಾಕಿಸಿದರು. ಗಾಜಿನ ಬಿಲ್ಲೆಯ ಸುತ್ತ ಮೇಣ ಮೆತ್ತಿ, ಅಡ್ಡಡ್ಡ ತಂತಿ ಬಿಗಿದು, ತಂತಿಯ ಗಂಟಿಗೆ ಸೀಸದ ಗುಂಡು ಇಟ್ಟು, ಅದರ ಮೇಲೆ ಮುದ್ರೆ ಒತ್ತಿದರು. ವಿಜ್ಞಾನಿಯ ಭಾವ ಬದುಕಿದ್ದಾಗ ಒತ್ತುತ್ತಿದ್ದ ಅದೇ ಅಚ್ಚು. ಇಲಾಖೆಯ ಮುದ್ರೆ ಒಡೆದವರಿಗೆ ಜೈಲು. ಅದು ಸುಮ್ಮನೆ ಹೆದರಿಸುವ ಮಾತಲ್ಲ, ಎಷ್ಟೋ ವ್ಯಾಪಾರಿಗಳನ್ನು ಆ ಕಚೇರಿಯೇ ಕಳಿಸಿಕೊಟ್ಟಿತ್ತು. ಮುದ್ರೆ ಬಿದ್ದ ಜಾಡಿಯನ್ನು ತೂಗಿ ಮತ್ತೆ ಕಿಟಕಿಯ ಬಳಿ ಇಟ್ಟರು.

ಅಂದಿನಿಂದ ಸೂರ್ಯನೂ ರಜೆ ಹಾಕಿದ. ದಿನವೆಲ್ಲಾ ಮೋಡ, ದಿನವೆಲ್ಲಾ ದೀಪ ಹಚ್ಚಿಕೊಂಡು ಕೆಲಸ. ಜಾಡಿಯ ನೀರು ಮೊದಲು ಮಬ್ಬಾಯಿತು, ಆಮೇಲೆ ತೊಳೆದ ಪಾತ್ರೆಯ ನೀರಿನ ಬಣ್ಣಕ್ಕೆ ತಿರುಗಿತು. ಮೀನು ತಳ ಬಿಟ್ಟು ಮೇಲೆ ಬಂದು ಗಾಜಿನ ಬಿಲ್ಲೆಗೆ ಬಾಯಿ ಒತ್ತಿ ನಿಂತಿತು.

ಹೆಡ್ ಕ್ಲರ್ಕು ವಿಜ್ಞಾನಿಯನ್ನು ಕಪಾಟಿನ ಹಿಂದಕ್ಕೆ ಎಳೆದರು. "ಯಾರಿಗೂ ಹೇಳ್ಬೇಡ ಕಣಯ್ಯಾ. ನಾನು ಅದಕ್ಕೆ ದಿನಾ ಬಿಸ್ಕತ್ತು ಹಾಕ್ತಿದ್ದೆ. ಈಗ ಹಸಿದು ಸಾಯ್ತಾ ಇದೆ. ಏನಾದ್ರೂ ಮಾಡಯ್ಯಾ, ನನಗೆ ನೋಡೋಕಾಗ್ತಿಲ್ಲ."

ಅವರು ಹೋದ ಬೆನ್ನಿಗೆ ಟೈಪಿಸ್ಟ್ ಮೇಡಂ ಬಂದರು. "ನಾನು ಬ್ರೆಡ್ಡು ಹಾಕ್ತಿದ್ದೆ, ಗೊತ್ತಾ? ನೀವಂತೂ ಹಾಕ್ತಿರಲಿಲ್ಲ. ನಿಮ್ಮ ಬೆಳಕಿನ ತೂಕ ಅದು."

ಜವಾನ ಹಿಟ್ಟಿನ ಪೊಟ್ಟಣ ತೋರಿಸಿ ಅಳುವ ಹಾಗೆ ಮುಖ ಮಾಡಿದ.

ಆಗ ವಿಜ್ಞಾನಿಗೆ ಜೀವನದಲ್ಲಿ ಮೊದಲ ಸಲ ಒಂದು ವಿಷಯ ನಿಜವಾಗಿ ಅರ್ಥವಾಯಿತು. ಮೀನು ಹಸಿದಿರಲಿಲ್ಲ. ಮೂವರು ಹಾಕಿದ್ದರಲ್ಲಿ ಮೀನು ತಿಂದದ್ದು ಸ್ವಲ್ಪ, ಮಿಕ್ಕಿದ್ದೆಲ್ಲ ತಳದ ಕೆಸರಿಗೆ ಇಳಿದು ಕೊಳೆಯುತ್ತಿತ್ತು. ಕೊಳೆಸುವ ಜೀವಿಗಳಿಗೂ ಉಸಿರು ಬೇಕು. ಬಿಸಿಲಿಲ್ಲದೆ ಗಿಡ ಉಸಿರು ಕೊಡದು, ಮೇಣ ಮೆತ್ತಿದ ಮೇಲೆ ಹೊರಗಿನ ಗಾಳಿಯೂ ಇಳಿಯದು. ಎಲ್ಲರ ಕರುಣೆಯೂ ತಳದಲ್ಲಿ ಕೂತು ಮೀನಿನ ಉಸಿರನ್ನು ತಿನ್ನುತ್ತಿತ್ತು.

ಅವನು ಸಾಹೇಬರ ಬಳಿ ಓಡಿದ. "ಸಾರ್, ಮುದ್ರೆ ತೆಗೆಸಿ ಸಾರ್! ಒಳಗೆ ಉಸಿರು ಸಾಲ್ತಿಲ್ಲ!"

"ಗಿಡ ಉಸಿರು ಕೊಡುತ್ತೆ ಅಂತ ಹೇಳಿದೋರು ಯಾರ್ರೀ?"

"ನಾನೇ ಸಾರ್. ಆದ್ರೆ ಮೋಡ ಮುಚ್ಚಿದೆ..."

"ಮೋಡ ಬಂದ್ರೆ ವಿಜ್ಞಾನ ಬದಲಾಗುತ್ತಾ? ನಿಮ್ಮ ಮಾತಿನ ಮೇಲೆ ನಾನು ದೊಡ್ಡ ಸಾಹೇಬ್ರನ್ನ ಕರೆಸ್ತಾ ಇದೀನಿ. ನಾಳೆ ಬರ್ತಾರೆ. ಅವರ ಮುಂದೆ ಬಾಯಿ ಮುಚ್ಕೊಂಡಿರಿ."

ಸಂಜೆ ಎಲ್ಲರೂ ಹೊರಡುವ ಹೊತ್ತಿಗೆ ಅಕ್ಕ ಜಾಡಿಯ ಮುಂದೆ ನಿಂತಿದ್ದಳು. ಬೆರಳಿನಿಂದ ಗಾಜಿನ ಮೇಲೆ ಮೆಲ್ಲಗೆ ತಟ್ಟುತ್ತಿದ್ದಳು.

"ಇದಕ್ಕೆ ಏನೋ ಆಗ್ತಿದೆ ಕಣೋ."

"ಮುದ್ರೆ ಇದೆ ಅಕ್ಕಾ."

"ಅದು ಕಾಣ್ತಿದೆ. ನಿಮ್ಮ ಭಾವ ಎಷ್ಟು ಸಾವಿರ ಮುದ್ರೆ ಒತ್ತಿದ್ರೋ. ಒಂದು ಜೀವದ ಬಾಯಿಗೆ ಯಾವತ್ತೂ ಒತ್ತಲಿಲ್ಲ."

ಅವನು ತಂತಿಯ ಮೇಲೆ ಕೈಯಿಟ್ಟ. ಜೈಲು, ಕೆಲಸ, ಮರ್ಯಾದೆ ಎಲ್ಲ ಕಣ್ಮುಂದೆ ಬಂದು ಹೋದವು. ಕೈ ಹಿಂದಕ್ಕೆ ತೆಗೆದುಕೊಂಡ. ಅಕ್ಕ ಅವನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಅವನಿಗೆ ಆಮೇಲೆ ಬಹಳ ಸಲ ಅನ್ನಿಸಿತು.

ಮರುದಿನ ಬೆಳಿಗ್ಗೆ ಮೀನು ಹೊಟ್ಟೆ ಮೇಲೆ ಮಾಡಿ ತೇಲುತ್ತಿತ್ತು.

ದೊಡ್ಡ ಸಾಹೇಬರು ದಪ್ಪ ಕನ್ನಡಕದ, ಮೆಲುದನಿಯ ಮನುಷ್ಯ. ಜಾಡಿಯ ಸುತ್ತ ಒಂದು ಸುತ್ತು ಬಂದರು.

"ಇದು ಯಾಕೆ ಹೀಗೆ ಮಲಗಿದೆ?"

"ವಿಶ್ರಾಂತಿ ಸಾರ್," ಎಂದರು ಸಾಹೇಬರು.

ವಿಜ್ಞಾನಿ ಗೋಡೆಗೆ ಒರಗಿ ನಿಂತಿದ್ದ. ಬಾಗಿಲ ಬಳಿ ಅಕ್ಕ ತಟ್ಟೆ ಹಿಡಿದು ನಿಂತಿದ್ದಳು. ಅವಳನ್ನು ಕಂಡದ್ದೇ ತಡ, ಅವನಿಂದ ತಡೆಯಲಾಗಲಿಲ್ಲ. ಬಾಯಿಬಡಾಯಿಯಿಂದಲೇ ಬದುಕಿದ ಮನುಷ್ಯ, ಒಂದು ಸಲವಾದರೂ ಸರಿಯಾದ ಸಮಯಕ್ಕೆ ಬಾಯಿ ತೆರೆದ ಎಂದು ಅವನ ಪರವಾಗಿ ಹೇಳಲೇಬೇಕು.

"ಸತ್ತಿದೆ ಸಾರ್! ಮೀನು ಸತ್ತಿದೆ! ನಾನು ಹೇಳಿದ್ದೆಲ್ಲ ಸುಳ್ಳು. ಅದು ಸ್ವಯಂಪೂರ್ಣ ಅಲ್ಲವೇ ಅಲ್ಲ. ಕಚೇರಿಯವರೆಲ್ಲ ಕದ್ದು ತಿನ್ನಿಸ್ತಿದ್ರು, ಅದಕ್ಕೇ ತೂಕ ಜಾಸ್ತಿಯಾಗ್ತಿತ್ತು. ಹೊರಗಿಂದ ಒಂದಿಷ್ಟು ಬೆಳಕು, ಒಂದಿಷ್ಟು ಗಾಳಿ ಬರದೆ ಯಾವುದೂ ಬದುಕಲ್ಲ ಸಾರ್. ಜಾಡಿಯೂ ಬದುಕಲ್ಲ, ಕಚೇರಿಯೂ ಬದುಕಲ್ಲ. ಕ್ಯಾಂಟೀನು ಮುಚ್ಚಬೇಡಿ ಸಾರ್!"

ದೊಡ್ಡ ಸಾಹೇಬರು ಕನ್ನಡಕ ಒರೆಸಿಕೊಂಡರು.

"ತಿನ್ನಿಸ್ತಿದ್ದೋರು ಯಾರು?"

"ಹೆಡ್ ಕ್ಲರ್ಕ್ ಸಾರ್ ಬಿಸ್ಕತ್ತು ಹಾಕ್ತಿದ್ರು."

"ನಾನಾ?" ಹೆಡ್ ಕ್ಲರ್ಕು ಎದೆ ಮುಟ್ಟಿಕೊಂಡರು. "ಸಾರ್, ನನಗೆ ವೈದ್ಯರು ಬಿಸ್ಕತ್ತೇ ತಿನ್ನಬಾರದು ಅಂದಿದಾರೆ."

"ಟೈಪಿಸ್ಟ್ ಮೇಡಂ ಬ್ರೆಡ್ಡು..."

ಟೈಪಿಸ್ಟ್ ಮೇಡಂ ಖಾಲಿ ಹಾಳೆಯನ್ನು ಯಂತ್ರಕ್ಕೆ ಸಿಕ್ಕಿಸುವುದರಲ್ಲಿ ಮುಳುಗಿಹೋಗಿದ್ದರು. ಜವಾನನನ್ನು ಕೇಳುವ ಮೊದಲೇ ಅವನು ನೀರು ತರಲು ಹೊರಗೆ ಹೋಗಿದ್ದ.

"ಒಬ್ಬರೂ ಇಲ್ಲವಲ್ಲ," ಎಂದರು ದೊಡ್ಡ ಸಾಹೇಬರು.

ವಿಜ್ಞಾನಿ ಒಬ್ಬೊಬ್ಬರ ಮುಖವನ್ನೂ ನೋಡುತ್ತಾ ಬಂದ. ನಡುನೀರಿನಲ್ಲಿ ಕೈಬಿಟ್ಟರು ಎನ್ನುತ್ತಾರಲ್ಲ, ಅವನ ಸ್ಥಿತಿ ಹಾಗಾಗಿತ್ತು. ಆಗ ಬಾಗಿಲ ಕಡೆಯಿಂದ ದನಿ ಬಂತು.

"ನಾನು ಹಾಕ್ತಿದ್ದೆ."

ಅಕ್ಕ ತಟ್ಟೆಯನ್ನು ಮೇಜಿನ ಮೇಲಿಟ್ಟು ಮುಂದೆ ಬಂದಳು. "ದಿನಾ ಬೆಳಿಗ್ಗೆ ಕದ ತೆಗೆದ ತಕ್ಷಣ ಹಾಕ್ತಿದ್ದೆ. ನನ್ನ ತಮ್ಮ ಮರೀತಾನೆ ಅಂತ ಗೊತ್ತಿತ್ತು. ಅವನು ಸುಳ್ಳು ಹೇಳ್ತಿಲ್ಲ ಸಾರ್, ಈ ಸಲ."

ಅವನಿಗೆ ಇದು ಗೊತ್ತಿರಲಿಲ್ಲ. ಸಾಹೇಬರ ಮುಖದಲ್ಲಿ ಬೆವರು ಇಳಿಯುತ್ತಿತ್ತು. ದೊಡ್ಡ ಸಾಹೇಬರು ಮಾತ್ರ ಅಲುಗಲಿಲ್ಲ.

"ತೂಗಿ," ಎಂದರು.

ಜಾಡಿಯನ್ನು ಗಾಜಿನ ಕೋಣೆಗೆ ಒಯ್ದರು. ಎಲ್ಲರೂ ಉಸಿರು ಕಟ್ಟಿದರು. ಮುಳ್ಳು ಒಮ್ಮೆ ಆಡಿ, ಮುದ್ರೆ ಹಾಕಿದ ದಿನ ನಿಂತಿದ್ದಲ್ಲಿಯೇ ನಿಂತಿತು. ಕೂದಲೆಳೆಯಷ್ಟೂ ಅತ್ತಿತ್ತ ಆಗಿರಲಿಲ್ಲ. ಜೀವ ಹೋದರೆ ಎಷ್ಟು ತೂಕ ಇಳಿಯುತ್ತದೆ ಎಂದು ಆ ತಕ್ಕಡಿಯನ್ನು ಯಾರೂ ಅದುವರೆಗೆ ಕೇಳಿರಲಿಲ್ಲ. ಏನೂ ಇಳಿಯುವುದಿಲ್ಲ.

"ಸರಿಯಾಗಿದೆ," ಎಂದರು ದೊಡ್ಡ ಸಾಹೇಬರು. "ಮುಂಚೆ ತೂಕ ಏರುಪೇರಾಗ್ತಿತ್ತು. ಕಾರಣ ಈಗ ಗೊತ್ತಾಯ್ತು, ಕ್ಯಾಂಟೀನಿನವರ ಕೈವಾಡ. ಮುದ್ರೆ ಬಿದ್ದು ಅವರ ಕೈ ತಪ್ಪಿದ ಮೇಲೆ ತೂಕ ಸ್ಥಿರ. ಇದಕ್ಕಿಂತ ಪುರಾವೆ ಬೇಕೇನ್ರೀ?"

"ಆದ್ರೆ ಮೀನು ಸಾರ್..." ಎಂದ ವಿಜ್ಞಾನಿ.

"ಮೀನು ಬೇರೆ ಇಲಾಖೆ," ಎಂದರು ದೊಡ್ಡ ಸಾಹೇಬರು.

ಅಂದೇ ಮಧ್ಯಾಹ್ನ ಕ್ಯಾಂಟೀನು ಮುಚ್ಚಿತು. ಅಕ್ಕ ಒಲೆ ಆರಿಸಿ, ಬೆಂಚು ಒರೆಸಿ, ಟೀ ಪಾತ್ರೆಯನ್ನು ಸೆರಗಿನಲ್ಲಿ ಸುತ್ತಿಕೊಂಡು ಹೊರಟಳು. ಹೆಡ್ ಕ್ಲರ್ಕು ಎದ್ದು ನಿಂತರು, ಏನೋ ಹೇಳಲು ಹೋಗಿ ಕೆಮ್ಮಿದರು. "ಹೊಟ್ಟೆ ನೋಡ್ಕೊಳ್ಳಿ ಸಾರ್, ಹೊತ್ತಿಗೆ ಸರಿಯಾಗಿ ತಿನ್ನಿ," ಎಂದಳು ಅಕ್ಕ. ಅವರು ಮತ್ತೆ ಕೂತರು.

ಸ್ವಯಂಪೂರ್ಣ ಕಚೇರಿಯ ಯೋಜನೆ ಬಹಳ ಚೆನ್ನಾಗಿ ನಡೆಯಿತು. ಕ್ಯಾಂಟೀನಿಲ್ಲದ್ದರಿಂದ ಎಲ್ಲರೂ ಮೇಜಿನ ಡ್ರಾಯರಿನಲ್ಲಿ ಬಿಸ್ಕತ್ತು, ಬ್ರೆಡ್ಡು, ಹಣ್ಣು ಇಟ್ಟುಕೊಳ್ಳತೊಡಗಿದರು. ಅದಕ್ಕೆ ಜಿರಲೆ ಬಂತು, ಜಿರಲೆಗೆ ಹಲ್ಲಿ ಬಂತು. ಹಿಟ್ಟಿನ ಪೊಟ್ಟಣಗಳಿಗೆ ಇಲಿ ಬಂತು, ಇಲಿಗೆ ಬೆಕ್ಕು ಬಂತು. ಬೆಕ್ಕು ಸಾಹೇಬರ ಕುರ್ಚಿಯ ಮೇಲೆ ಮರಿ ಹಾಕಿ, ಸಾಹೇಬರು ಸ್ಟೂಲಿನ ಮೇಲೆ ಕೂತು ಸಹಿ ಮಾಡುವಂತಾಯಿತು. ಟೈಪಿಸ್ಟ್ ಮೇಡಂ ಕುರ್ಚಿ ಹತ್ತಿ ಕಿರುಚುತ್ತಿದ್ದರು. ವಿಜ್ಞಾನಿ ಈಗ ಯಾರ ವಂಶಾವಳಿಯನ್ನೂ ಹೇಳಲು ಬರುತ್ತಿರಲಿಲ್ಲ. ಜಾಡಿ ಕಿಟಕಿಯ ಬಳಿಯೇ ಇತ್ತು. ಒಳಗೆ ಮೀನು ಕರಗಿ ಕೆಸರಾಗಿತ್ತು, ಮೋಡ ಸರಿದ ಮೇಲೆ ಪಾಚಿಗಿಡ ಹಿಂದೆಂದೂ ಇಲ್ಲದಷ್ಟು ಹುಲುಸಾಗಿ ಬೆಳೆದಿತ್ತು. ಪ್ರತಿ ಸೋಮವಾರ ತೂಗುತ್ತಿದ್ದರು. ತೂಕ ಸರಿಯಾಗಿರುತ್ತಿತ್ತು.

ಅಕ್ಕ ಮನೆಯಲ್ಲೇ ಉಳಿದಳು. ತಮ್ಮನ ಸಂಬಳದಲ್ಲಿ ಇಬ್ಬರ ಊಟಕ್ಕೇನೂ ಕೊರತೆಯಿರಲಿಲ್ಲ, ಅದೇ ಅವಳಿಗೆ ದೊಡ್ಡ ಕೊರತೆಯಾಗಿತ್ತು. ಸಂಜೆ ಅವನು ಬರುವ ಹೊತ್ತಿಗೆ ತಟ್ಟೆ ಹಾಕಿ ಬಡಿಸುತ್ತಿದ್ದಳು, ತಾನು ಕೂರುತ್ತಿರಲಿಲ್ಲ.

"ನೀನೂ ಕೂತ್ಕೋ ಅಕ್ಕಾ."

"ನೀನು ತಿನ್ನು. ಬೆಳಗಿಂದ ಮಾಡಿದ್ದೇನಿದೆ ನಾನು, ಹಸಿವಾಗೋಕೆ?"

ಒಂದು ಸಂಜೆ ಅವನು ಧೈರ್ಯ ಮಾಡಿ ಕೇಳಿದ. "ಆ ಮೀನಿಗೆ ಯಾಕಕ್ಕಾ ಹಾಕ್ತಿದ್ದೆ? ನನಗೊಂದು ಮಾತು ಹೇಳಬಾರದಿತ್ತಾ?"

"ಏನಂತ ಹೇಳ್ಲಿ? ಅದು ದಿನಾ ಬೆಳಿಗ್ಗೆ ಬಾಯಿ ಬಿಟ್ಕೊಂಡು ನಿಂತಿರೋದು. ನೀನು ಚಿಕ್ಕವನಿದ್ದಾಗ ಒಲೆ ಮುಂದೆ ಹಾಗೇ ನಿಲ್ತಿದ್ದೆ. ಹಾಕದೆ ಹೇಗೆ ಹೋಗ್ಲಿ?"

ಅವನು ತಲೆ ತಗ್ಗಿಸಿ ತಿಂದ. ಅರ್ಧಕ್ಕೇ ಬಿಟ್ಟು ಕೈ ತೊಳೆಯಲು ಎದ್ದ. ಕೈ ತೊಳೆದು ಒರೆಸಿಕೊಂಡು ಒಳಗೆ ಬಂದಾಗ ಅಕ್ಕ ಬಾಗಿಲಿಗೆ ಬೆನ್ನು ಮಾಡಿ ಕೂತಿದ್ದಳು. ಅವನು ಬಿಟ್ಟ ತಟ್ಟೆಯನ್ನೇ ಮುಂದಿಟ್ಟುಕೊಂಡು, ಅವನು ಉಳಿಸಿದ್ದನ್ನು ಅಂಚಿನಿಂದ ಒಟ್ಟು ಮಾಡಿ ತಿನ್ನುತ್ತಿದ್ದಳು. ಪಾತ್ರೆಯಲ್ಲಿದ್ದ ಬಿಸಿ ಊಟವನ್ನು ಮುಟ್ಟಿರಲಿಲ್ಲ. ಅದು ಅವನ ನಾಳೆಗೆ.

ಹಾಗೆ ತಿಂದು ಬದುಕುವುದಕ್ಕೂ ಒಂದು ಹೆಸರಿದೆ. ವಿಜ್ಞಾನಿಗೆ ಅದು ಬಾಯಿಪಾಠವಾಗಿತ್ತು. ಅವನು ಹೇಳಲಿಲ್ಲ. ಇನ್ನೊಂದು ತಟ್ಟೆ ತಂದು, ಪಾತ್ರೆಯ ಮುಚ್ಚಳ ತೆಗೆದು, ಬಡಿಸಿ ಗೊತ್ತಿಲ್ಲದ ಕೈಯಿಂದ ಅರ್ಧ ನೆಲಕ್ಕೆ ಚೆಲ್ಲುತ್ತಾ ಅಕ್ಕನಿಗೆ ಬಡಿಸಿದ.